ಎಕ್ಕದ ಚಿಟ್ಟೆ, ಬಂಡೆಯ ಹೂ

ರಾಯಚೂರು ಜಿಲ್ಲೆಯ ಮಸ್ಕಿಗೆ ಬರುವವರು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಿ ಹಿಂದಿರುಗುತ್ತಾರೆ. ದಾರಿಯ ಬದಿಯ ಎಕ್ಕದ ಗಿಡದತ್ತ ಅವರ ದೃಷ್ಟಿ ಹರಿಯುವುದು ಅಪರೂಪ. ಸಿಂಧನೂರಿನ ಕಾಲುವೆಯ ಏರಿಯಿರಲಿ, ಲಿಂಗಸುಗೂರಿನ ಬೀಳುಭೂಮಿಯಿರಲಿ, ಎಕ್ಕಕ್ಕೆ ಎಲ್ಲವೂ ಒಗ್ಗುತ್ತದೆ. ಅದರ ಹಾಲು ವಿಷವಾದುದರಿಂದ ದನಕರುಗಳು ಅದನ್ನು ಮೇಯುವುದಿಲ್ಲ. ಆ ವಿಷವನ್ನೇ ನೆಚ್ಚಿ ಬದುಕುವ ಜೀವಿಯೊಂದುಂಟು. ಅದು ಪ್ಲೇನ್ ಟೈಗರ್ ಎಂಬ ಚಿಟ್ಟೆ.

ಇದರ ರೆಕ್ಕೆ ಕಿತ್ತಳೆ ಬಣ್ಣದ್ದು. ತುದಿಯಲ್ಲಿ ಕಪ್ಪು, ಕಪ್ಪಿನ ನಡುವೆ ಬಿಳಿಯ ಪಟ್ಟೆ. ಹೆಣ್ಣು ಚಿಟ್ಟೆಯು ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಎಕ್ಕದ ಎಲೆಯನ್ನು ತಿಂದು, ಅದರ ವಿಷಾಂಶವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ಕಹಿ ಉಳಿಯುವುದರಿಂದ, ಒಮ್ಮೆ ಕಚ್ಚಿ ಉಗುಳಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗದು. ಅದು ಅವಸರವಿಲ್ಲದೆ ಹಾರಾಡುವ ಗುಟ್ಟು ಇದೇ. ಬೇರೊಂದು ಜಾತಿಯ ನಿರ್ವಿಷ ಚಿಟ್ಟೆಯ ಹೆಣ್ಣು ಇದರದೇ ವೇಷ ಧರಿಸಿ ಹಕ್ಕಿಗಳನ್ನು ವಂಚಿಸುವುದೂ ಉಂಟು!

ಎಕ್ಕದ ಕುಟುಂಬಕ್ಕೇ ಸೇರಿದ ಇನ್ನೊಂದು ಸಸ್ಯದ ಪಾಡು ಬೇರೆ. ಅದು ಫ್ರೇರಿಯಾ ಇಂಡಿಕಾ, ಮರಾಠಿಯಲ್ಲಿ ಶಿವಸುಮನ. ರಾಯಚೂರಿನ ಬಯಲಿನಲ್ಲಿ ಇದು ಕಾಣದು. ಇದರ ನೆಲೆ ಮಹಾರಾಷ್ಟ್ರದ ಸಹ್ಯಾದ್ರಿ. ಅಲ್ಲಿಯೂ ಜುನ್ನರಿನ ಶಿವನೇರಿಯಂತಹ ಕೆಲವೇ ಬೆಟ್ಟಗಳ ಕಡಿದಾದ ಬಂಡೆಗಳ ಸಂದು. 19ನೆಯ ಶತಮಾನದಲ್ಲಿ ಇದನ್ನು ವರ್ಣಿಸಿದ ಡಾಲ್ಜೆಲ್, ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರನ ಹೆಸರನ್ನು ಇದಕ್ಕೆ ಇಟ್ಟನು. ನೀರು ತುಂಬಿದ ದಪ್ಪ ಕಾಂಡ, ಮಳೆಗಾಲದಲ್ಲಿ ಚಿಗುರುವ ಎಲೆ, ಹಳದಿ ಗುರುತುಗಳುಳ್ಳ ಕಡುಗೆಂಪಿನ ನಕ್ಷತ್ರಾಕಾರದ ಹೂ. ಚೆಲುವಾದ ಈ ಹೂವಿಗೆ ಬರುವ ಅತಿಥಿಗಳು ಮಾತ್ರ ನೊಣಗಳು.

ಎರಡು ಗಿಡಗಳ ಬೀಜಕ್ಕೂ ರೇಷ್ಮೆಯಂತಹ ಕೂದಲುಂಟು. ಎರಡೂ ಗಾಳಿಯಲ್ಲಿ ತೇಲಬಲ್ಲವು. ಆದರೆ ಎಕ್ಕದ ಬೀಜ ಎಲ್ಲಿ ಬಿದ್ದರೂ ನೆಲ ಸಿಗುತ್ತದೆ. ಶಿವಸುಮನದ ಬೀಜಕ್ಕೆ ಬೇಕಾದುದು ಬಂಡೆಯ ಒಂದು ಸೀಳು. ಮನುಷ್ಯನು ಕಡಿದು, ಅಗೆದು, ಪಾಳುಬಿಟ್ಟ ನೆಲವೇ ಎಕ್ಕಕ್ಕೆ ಹಬ್ಬ. ಎಕ್ಕವಿದ್ದಲ್ಲಿ ಚಿಟ್ಟೆಗೂ ಕೊರತೆಯಿಲ್ಲ. ಬಂಡೆ ಕುಸಿದರೆ ಶಿವಸುಮನಕ್ಕೆ ಹೋಗಲು ಬೇರೆ ಎಡೆಯಿಲ್ಲ.

ವಿಚಿತ್ರವೆಂದರೆ, ಈ ಚಿಟ್ಟೆಯ ಮರಿಹುಳು ಶಿವಸುಮನದ ಎಲೆಯನ್ನೂ ತಿನ್ನುತ್ತದೆ. ಹುಳುವಿಗೆ ಅದು ಹಲವು ಊಟಗಳಲ್ಲಿ ಒಂದು. ಗಿಡಕ್ಕೋ, ವರ್ಷಕ್ಕೊಮ್ಮೆ ಬರುವ ಎಲೆ. ಹಾಗೆಂದು ಹುಳುವನ್ನು ದೂರುವುದು ನ್ಯಾಯವಲ್ಲ. ಕಾಂಡದ ತುಂಡನ್ನು ನೆಟ್ಟರೆ ಶಿವಸುಮನವು ಕುಂಡದಲ್ಲಿಯೂ ಬೇರು ಬಿಡುತ್ತದೆ. ಆದರೆ ಒಂದೇ ಗಿಡದ ನೂರು ತುಂಡುಗಳು ನೂರು ಕುಂಡಗಳಲ್ಲಿ ಬೆಳೆದರೂ ಅವೆಲ್ಲವೂ ಆ ಒಂದೇ ಗಿಡ. ಬೀಜದಿಂದ ಹುಟ್ಟುವ ಹೊಸ ಸಸಿಗೆ ಬಂಡೆಯ ಸೀಳೂ ನೊಣವೂ ಬೇಕೇ ಬೇಕು.