ಸಮಯವಿಲ್ಲದವರೂ ತೂಕ ಇಳಿಸಬಹುದು

“ತೂಕ ಇಳಿಸಬೇಕು ಅಂತ ಆಸೆ ಇದೆ ಡಾಕ್ಟ್ರೇ, ಆದರೆ ಪುರುಸೊತ್ತೇ ಸಿಗೋದಿಲ್ಲ.” ಚಿಕಿತ್ಸಾಲಯದಲ್ಲಿ ವಾರಕ್ಕೆ ಹಲವು ಬಾರಿ ನನ್ನ ಕಿವಿಗೆ ಬೀಳುವ ಮಾತಿದು. ಹೀಗೆ ಹೇಳುವವರಲ್ಲಿ ಬೆಳಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಎತ್ತಿ ರಾತ್ರಿ ಒಂಬತ್ತೂವರೆಗೆ ಇಳಿಸುವ ವ್ಯಾಪಾರಿಗಳಿದ್ದಾರೆ. ಶಾಲೆ, ಅಡುಗೆಮನೆ, ಮಕ್ಕಳ ಹೋಂವರ್ಕ್ ಮೂರನ್ನೂ ನಿಭಾಯಿಸುವ ಶಿಕ್ಷಕಿಯರಿದ್ದಾರೆ. ದಿನವಿಡೀ ಸೀಟಿನ ಮೇಲೆಯೇ ಕಳೆಯುವ ಚಾಲಕರಿದ್ದಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ದಿನಕ್ಕೊಂದು ಗಂಟೆ ಜಿಮ್‌ಗೆ ಹೋಗಿ ಎಂದು ಅವರಿಗೆ ಹೇಳಿದರೆ ಅದು ಉಪಯೋಗಕ್ಕೆ ಬಾರದ ಸಲಹೆ.

ಆದರೆ ಅವರ ಜೊತೆ ಕೂತು, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ತಿಂದರು, ಎಷ್ಟು ಹೊತ್ತು ಕುಳಿತರು ಎಂದು ಬರೆದು ನೋಡಿದಾಗ ಬೇರೆಯದೇ ಚಿತ್ರ ಸಿಗುತ್ತದೆ. ಹೆಚ್ಚಿನವರ ತೂಕ ಏರಿರುವುದು ಪ್ರತಿದಿನ ಯೋಚಿಸದೆ ಮಾಡುವ ನಾಲ್ಕೈದು ಅಭ್ಯಾಸಗಳಿಂದ. ಆ ಅಭ್ಯಾಸಗಳನ್ನು ಬದಲಿಸಲು ಹೆಚ್ಚುವರಿ ಸಮಯ ಬೇಕಾಗುವುದಿಲ್ಲ. ದಿನಚರಿಗೆ ಹೊಸ ಕೆಲಸ ಸೇರಿಸುವ ಬದಲು, ಈಗಿರುವುದನ್ನೇ ತುಸು ತಿದ್ದಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಳೆದು ನೋಡಿ

ಕನ್ನಡಿಯನ್ನಾಗಲಿ ನೆಂಟರ ಟೀಕೆಯನ್ನಾಗಲಿ ನಂಬಬೇಡಿ. ಟೇಪು ಮತ್ತು ತಕ್ಕಡಿಯನ್ನು ನಂಬಿ. ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಸ್ಥಿತಿಯಲ್ಲಿ ಟೇಪು ಸುತ್ತಿ. ಭಾರತೀಯ ಪುರುಷರಲ್ಲಿ ಈ ಅಳತೆ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಬಾರದು. ದಾಟಿದ್ದರೆ ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತ ಕೊಬ್ಬು ಸೇರಿದೆ ಎಂದು ತಿಳಿಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ದಾರಿ ಮಾಡಿಕೊಡುವುದು ಮುಖ್ಯವಾಗಿ ಈ ಕೊಬ್ಬೇ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ ಇದೆ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಬಾರಿ ಭಾಗಿಸಿದಾಗ ಬರುವ ಸಂಖ್ಯೆಯೇ ಬಿಎಂಐ. ನಮ್ಮ ದೇಶದವರಿಗೆ ಅದು 23ರ ಒಳಗಿದ್ದರೆ ಒಳ್ಳೆಯದು, 25 ದಾಟಿದರೆ ಬೊಜ್ಜು. ಉದಾಹರಣೆಗೆ, 165 ಸೆಂಟಿಮೀಟರ್ ಎತ್ತರದವರ ತೂಕ 62 ಕಿಲೋ ಆಸುಪಾಸಿನಲ್ಲಿದ್ದರೆ ಚೆನ್ನ. 68 ದಾಟಿದರೆ ಎಚ್ಚರ ಬೇಕು.

ಎಷ್ಟು ಇಳಿಸಬೇಕು, ಎಷ್ಟು ಬೇಗ?

ಮದುವೆಗೆ ಇನ್ನು ಒಂದು ತಿಂಗಳಿದೆ, ಅಷ್ಟರಲ್ಲಿ ಹತ್ತು ಕಿಲೋ ಇಳಿಸಿಕೊಡಿ ಎಂದು ಬರುವವರಿದ್ದಾರೆ. ಊಟ ಬಿಟ್ಟು ಅವಸರದಲ್ಲಿ ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪಿತ್ತಕೋಶದಲ್ಲಿ ಕಲ್ಲು ಉಂಟಾಗುವ ಅಪಾಯವೂ ಹೆಚ್ಚುತ್ತದೆ. ಮದುವೆ ಮುಗಿದು ಮೊದಲಿನಂತೆ ಊಟ ಶುರುವಾದಾಗ ತೂಕ ಮರಳಿ ಬರುತ್ತದೆ, ಆದರೆ ಬರುವುದು ಹೆಚ್ಚಾಗಿ ಕೊಬ್ಬು.

ವಾರಕ್ಕೆ ಅರ್ಧ ಕಿಲೋ, ತಿಂಗಳಿಗೆ ಹೆಚ್ಚೆಂದರೆ ಎರಡು ಕಿಲೋ ಇಳಿದರೆ ಸಾಕು. ಈಗಿನ ತೂಕದ ನೂರಕ್ಕೆ ಐದರಷ್ಟು ಇಳಿದರೂ ರಕ್ತದ ಸಕ್ಕರೆ ಮತ್ತು ಒತ್ತಡದಲ್ಲಿ ಸುಧಾರಣೆ ಕಾಣುತ್ತದೆ. ಅಂದರೆ 85 ಕಿಲೋ ತೂಗುವವರು ನಾಲ್ಕೂವರೆ ಕಿಲೋ ಇಳಿಸಿದರೂ ದೇಹಕ್ಕೆ ದೊಡ್ಡ ಉಪಕಾರ. ಯಾವುದೇ ಹೊಸ ಪಥ್ಯ ಶುರು ಮಾಡುವ ಮುನ್ನ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: “ಮುಂದಿನ ವರ್ಷದ ರಮಝಾನ್ ಬಂದಾಗಲೂ ನಾನು ಹೀಗೆಯೇ ಉಣ್ಣುತ್ತಿರಬಲ್ಲೆನೇ?” ಇಲ್ಲ ಎಂಬ ಉತ್ತರ ಬಂದರೆ ಆ ಪಥ್ಯ ನಿಮಗಲ್ಲ.

ಚಹಾದ ಲೆಕ್ಕ

ಬದಲಾವಣೆಯನ್ನು ಚಹಾದಿಂದ ಆರಂಭಿಸುವುದು ಸುಲಭ. ಅಂಗಡಿಗೆ ಗಿರಾಕಿ ಬಂದರೆ ಚಹಾ, ಮನೆಗೆ ನೆಂಟರು ಬಂದರೆ ಚಹಾ, ಅಸರ್ ನಮಾಝ್ ಮುಗಿದರೆ ಚಹಾ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೂ ಹತ್ತು ಚಮಚ ಸಕ್ಕರೆಯಾಯಿತು. ಒಂದು ಚಮಚ ಸುಮಾರು ಐದು ಗ್ರಾಂ, 20 ಕ್ಯಾಲೊರಿ. ಹತ್ತು ಚಮಚಕ್ಕೆ 200 ಕ್ಯಾಲೊರಿ. ಒಂದು ದೊಡ್ಡ ಬಟ್ಟಲು ಅನ್ನದಷ್ಟು ಶಕ್ತಿ ಹೊಟ್ಟೆ ತುಂಬಿದ ಭಾವನೆಯೇ ಇಲ್ಲದೆ ಒಳಗೆ ಹೋಯಿತು. ಜೊತೆಗೆ ಎರಡು ಬಿಸ್ಕೆಟ್, ಒಂದು ಪಫ್ಸ್ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಚಹಾ ಬಿಡಬೇಕೆಂದು ನಾನು ಹೇಳುವುದಿಲ್ಲ. ಐದನ್ನು ಎರಡಕ್ಕೆ ಇಳಿಸಿ. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬನ್ನಿ, ಒಂದು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಸಕ್ಕರೆಯ ಬದಲು ಬೆಲ್ಲ ಅಥವಾ ಜೇನು ಹಾಕಿದರೆ ತೂಕ ಏರುವುದಿಲ್ಲ ಎಂಬುದು ತಪ್ಪು ನಂಬಿಕೆ. ಜೇನಿಗೆ ಅದರದೇ ಗುಣಗಳಿವೆ, ಆದರೆ ಅದರ ಕ್ಯಾಲೊರಿ ಸಕ್ಕರೆಗಿಂತ ಬಹಳ ಕಡಿಮೆಯೇನಲ್ಲ.

ರಾತ್ರಿ ಹತ್ತೂವರೆಯ ಊಟ

ದುಡಿಯುವ ಮನೆಗಳಲ್ಲಿ ದಿನದ ಅತಿ ದೊಡ್ಡ ಊಟ ನಡೆಯುವುದು ರಾತ್ರಿ ಹತ್ತರ ನಂತರ. ಮಧ್ಯಾಹ್ನ ಅವಸರದಲ್ಲಿ ಏನೋ ತಿಂದು, ಸಂಜೆ ಕರಿದದ್ದು ತಿಂದು, ರಾತ್ರಿ ಹಸಿದು ಬಂದು ತಟ್ಟೆ ತುಂಬ ಉಂಡು, ಅರ್ಧ ಗಂಟೆಯಲ್ಲಿ ಹಾಸಿಗೆಗೆ. ನನ್ನಲ್ಲಿಗೆ ಬರುತ್ತಿದ್ದ ಬಟ್ಟೆ ಅಂಗಡಿಯ ಮಾಲೀಕರೊಬ್ಬರ ದಿನಚರಿ ಹೀಗೆಯೇ ಇತ್ತು. ಪ್ರಾಯ 44, ತೂಕ 91 ಕಿಲೋ, ಸಕ್ಕರೆ ಗಡಿಯಲ್ಲಿ. ಅಂಗಡಿ ಬೇಗ ಮುಚ್ಚುವುದು ಅವರಿಂದ ಆಗದ ಮಾತು. ಹಾಗಾಗಿ ಊಟವೇ ಅಂಗಡಿಗೆ ಹೋಗುವಂತೆ ಮಾಡಿದೆವು. ಮಗ್ರಿಬ್ ನಂತರ ಮನೆಯಿಂದ ಡಬ್ಬಿ: ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಮೊಟ್ಟೆ ಅಥವಾ ಬೇಳೆ. ರಾತ್ರಿ ಮನೆಗೆ ಬಂದ ಮೇಲೆ ಮಕ್ಕಳ ಜೊತೆ ಕೂರುವುದು ತಪ್ಪಬಾರದೆಂದು ಒಂದು ಬಟ್ಟಲು ತರಕಾರಿ ಸೂಪು ಅಥವಾ ಮಜ್ಜಿಗೆ. ಒಂಬತ್ತು ತಿಂಗಳಲ್ಲಿ ಅವರ ತೂಕ 84ಕ್ಕೆ ಬಂತು. ವರ್ಷ ಕಳೆದ ಮೇಲೂ ಅಲ್ಲಿಯೇ ನಿಂತಿದೆ. ಅವರು ಜಿಮ್‌ನ ಮೆಟ್ಟಿಲು ಹತ್ತಲಿಲ್ಲ.

ನಿಮ್ಮ ಊಟ ಮತ್ತು ನಿದ್ದೆಯ ನಡುವೆ ಎರಡು ಗಂಟೆಯಾದರೂ ಇರಲಿ. ನಿದ್ದೆಯೂ ಮುಖ್ಯ. ಮೊಬೈಲ್ ನೋಡುತ್ತಾ ಒಂದು ಗಂಟೆಗೆ ಮಲಗಿ ಐದಕ್ಕೆ ಏಳುವವರಿಗೆ ಮರುದಿನ ಹಸಿವು ಜಾಸ್ತಿ, ಸಿಹಿಯ ಮೇಲೆ ಆಸೆಯೂ ಜಾಸ್ತಿ. ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದುದು ಹೋಗುವುದು ಹಾಗೂ ಉಳಿಯಬೇಕಾದುದು ಉಳಿಯುವುದು. ಊಟವನ್ನು ಮಾತ್ರ ತಿದ್ದಿ ನಿದ್ದೆಯನ್ನು ಕೆಡಿಸಿಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ.

ತಟ್ಟೆಗೆ ಮೊದಲು ಏನು?

ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್ ಫಿತ್ತಿಬ್’ ಗ್ರಂಥದಲ್ಲಿ ಸ್ಥೂಲಕಾಯರಿಗೆ ಕೊಟ್ಟ ಸಲಹೆಗಳಲ್ಲೊಂದು ಇಂದಿಗೂ ಉಪಯುಕ್ತ: ಗಾತ್ರದಲ್ಲಿ ಹೆಚ್ಚು, ಪೋಷಣೆಯಲ್ಲಿ ಹಗುರವಾಗಿರುವ ಆಹಾರವನ್ನು ಆರಿಸಿಕೊಳ್ಳುವುದು. ಸೌತೆ, ಮೂಲಂಗಿ, ಸೋರೆ, ಹೀರೆ, ಸೊಪ್ಪು ಇವೆಲ್ಲ ಅಂಥವು. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಕಡಿಮೆ.

ತಟ್ಟೆಯ ಅರ್ಧಕ್ಕೆ ಮೊದಲು ತರಕಾರಿ ಬಡಿಸಿಕೊಳ್ಳಿ. ಕಾಲು ಭಾಗಕ್ಕೆ ಮೀನು, ಕೋಳಿ, ಮೊಟ್ಟೆ ಅಥವಾ ಬೇಳೆಕಾಳು. ಉಳಿದ ಕಾಲು ಭಾಗಕ್ಕೆ ಅನ್ನ ಅಥವಾ ರೊಟ್ಟಿ. ಬಿರಿಯಾನಿಯ ದಿನವೂ ಇದೇ ಕ್ರಮ: ಮೊದಲು ಒಂದು ತಟ್ಟೆ ಸೌತೆ-ಈರುಳ್ಳಿಯ ಕಚುಂಬರ್, ಆಮೇಲೆ ಬಿರಿಯಾನಿ ಒಂದೇ ಸಲ, ಅದರ ಜೊತೆ ತಂಪು ಪಾನೀಯ ಬೇಡ. ವಾರಕ್ಕೊಮ್ಮೆ ಬಿರಿಯಾನಿ ತಿಂದವರು ಕೆಡುವುದಿಲ್ಲ. ಅದನ್ನೇ ಮೂರು ದಿನ ಬಿಸಿ ಮಾಡಿ ತಿನ್ನುವುದರಲ್ಲಿ ತೊಂದರೆಯಿದೆ.

ಎಣ್ಣೆಯ ಲೆಕ್ಕ ಇಡುವುದು ಅಡುಗೆಮನೆಯಲ್ಲಿ ಅಲ್ಲ, ದಿನಸಿ ಅಂಗಡಿಯಲ್ಲಿ. ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಸಾಕು. ಐದು ಮಂದಿಯ ಮನೆಗೆ ಎರಡೂವರೆ ಲೀಟರ್. ತಂದದ್ದು ಅಷ್ಟೇ ಆದರೆ ಕರಿಯುವುದು ತಾನಾಗಿ ಕಡಿಮೆಯಾಗುತ್ತದೆ.

ಉಪವಾಸದಿಂದ ತೂಕ ಇಳಿಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಫ್ತಾರ್‌ನಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಶರಬತ್ತು, ಸಮೋಸ, ಪಕೋಡಗಳ ಮೇಲೆ ಪೂರ್ತಿ ಊಟವೂ ನಡೆದರೆ ರಮಝಾನ್ ಮುಗಿಯುವಾಗ ತೂಕ ಏರಿರುತ್ತದೆ. ಖರ್ಜೂರ, ನೀರು, ಹಣ್ಣು, ನಂತರ ಒಂದೇ ಒಂದು ಹದವಾದ ಊಟ ಆದರೆ ಇಳಿಯುತ್ತದೆ.

ನಡಿಗೆಗೆ ಸಮಯ ಎಲ್ಲಿಂದ?

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಮಸೀದಿ ಹತ್ತು ನಿಮಿಷದ ದಾರಿಯಲ್ಲಿದ್ದರೆ ಇಶಾಕ್ಕೆ ಬೈಕ್ ಬಿಟ್ಟು ಬಿರುಸಾಗಿ ನಡೆದು ಹೋಗಿ. ಹೋಗಿ ಬರಲು 20 ನಿಮಿಷ, ವಾರಕ್ಕೆ 140 ನಿಮಿಷ. ಕೆಲಸ ಬಹುತೇಕ ಮುಗಿಯಿತು! ಊಟವಾದ ಮೇಲೆ ಹತ್ತು ನಿಮಿಷ ನಡೆದರೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಮಾಂಸಖಂಡಗಳು ಬಳಸಿಕೊಳ್ಳುತ್ತವೆ.

ಹೊರಗೆ ನಡೆಯುವ ಅನುಕೂಲವಿಲ್ಲದ ಸೋದರಿಯರು ತಾರಸಿಯಲ್ಲೋ ಮನೆಯ ಹಜಾರದಲ್ಲೋ ಹತ್ತು ನಿಮಿಷದಂತೆ ದಿನಕ್ಕೆ ಎರಡು ಸಲ ನಡೆಯಬಹುದು. ಅನ್ನ ಬೇಯುವಷ್ಟು ಹೊತ್ತು ಸಾಕು. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುತ್ತೀರಿ. ಅದರಲ್ಲಿ ದಣಿವು ಇದೆ, ಆದರೆ ಉಸಿರು ಬಿರುಸಾಗುವಷ್ಟು ನಿರಂತರ ಚಲನೆ ಹೆಚ್ಚಾಗಿ ಇರುವುದಿಲ್ಲ. ವಾರಕ್ಕೆ ಎರಡು ದಿನ ಮಾಂಸಖಂಡಕ್ಕೂ ಕೆಲಸ ಕೊಡಿ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಹತ್ತು ಸಲ ಬಾಗಿ ಹಿಂದೆ ಸರಿಯುವುದು.

ಕೊನೆಯಲ್ಲಿ ಉಣ್ಣುವವಳು

ನಮ್ಮ ಮನೆಗಳಲ್ಲಿ ತಾಯಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುತ್ತಾಳೆ. ಮಗ ಬಿಟ್ಟ ಅರ್ಧ ಪರಾಟ, ಪಾತ್ರೆಯ ತಳದ ಅನ್ನ, ಹಾಳಾಗಬಾರದು ಎಂದು ಎಲ್ಲ ಅವಳ ಹೊಟ್ಟೆಗೆ. ತರಕಾರಿ, ಮೀನು ಅಷ್ಟರಲ್ಲಿ ಮುಗಿದಿರುತ್ತದೆ. ಹೀಗಾಗಿ ಅವಳಿಗೆ ತೂಕ ಹೆಚ್ಚು, ರಕ್ತ ಕಡಿಮೆ. “ನೀನು ದಪ್ಪಗಾಗಿದ್ದೀಯ” ಎಂದು ಹೇಳುವ ಗಂಡ ಮತ್ತು ಮಕ್ಕಳು ಮೊದಲು ಮಾಡಬೇಕಾದ್ದು ಅವಳನ್ನು ತಮ್ಮ ಜೊತೆ ಊಟಕ್ಕೆ ಕೂರಿಸುವುದು. ಅಳತೆಗೆ ಅಡುಗೆ ಮಾಡಿ. ಉಳಿದದ್ದನ್ನು ಫ್ರಿಜ್ಜಿಗೆ ಇಡಿ ಅಥವಾ ಬಿಸಿಯಿರುವಾಗಲೇ ಹಸಿದವರಿಗೆ ಕೊಡಿ. ಒಬ್ಬರ ಪಥ್ಯಕ್ಕೆ ಬೇರೆ ಅಡುಗೆ ಮಾಡಬೇಕಾದ ಮನೆಯಲ್ಲಿ ಆ ಪಥ್ಯ ಹದಿನೈದು ದಿನವೂ ನಡೆಯುವುದಿಲ್ಲ. ಇಡೀ ಮನೆ ಒಂದೇ ರೀತಿ ಉಂಡಾಗಲೇ ಅದು ಉಳಿಯುತ್ತದೆ.

ಪುಡಿ, ಕಷಾಯ, ಹಿಜಾಮಾ

ಯುನಾನಿ ವೈದ್ಯನಾಗಿ ಈ ಮಾತನ್ನು ನಾನೇ ಹೇಳಬೇಕು. ಬೊಜ್ಜಿಗೆ ನಮ್ಮಲ್ಲಿ ‘ಸಫೂಫೆ ಮುಹಝ್ಝಿಲ್’ನಂತಹ ಔಷಧಿಗಳಿವೆ. ವೈದ್ಯರು ನಿಮ್ಮ ಮಿಝಾಜ್ ನೋಡಿ, ಬೇರೆ ಕಾಯಿಲೆಗಳನ್ನು ವಿಚಾರಿಸಿ ಅವನ್ನು ಕೊಡುತ್ತಾರೆ. ಆದರೆ ಊಟ ಮತ್ತು ಚಲನೆ ಬದಲಾಗದೆ ಯಾವ ಪುಡಿಯೂ ತೂಕವನ್ನು ಇಳಿಸಿ ನಿಲ್ಲಿಸದು. ಹಿಜಾಮಾ, ಮಾಲೀಸು, ಹಮ್ಮಾಮ್‌ಗಳಿಗೆ ಅವುಗಳದೇ ಉಪಯೋಗಗಳಿವೆ. ಆದರೆ ಹಮ್ಮಾಮ್‌ನಲ್ಲಿ ಬೆವರಾಗಿ ಹೋಗುವ ತೂಕ ಬರೀ ನೀರು, ಎರಡು ಲೋಟ ಕುಡಿದರೆ ಮರಳುತ್ತದೆ.

‘ಹದಿನೈದು ದಿನದಲ್ಲಿ ಎಂಟು ಕಿಲೋ’ ಎನ್ನುವ ಹೆಸರಿಲ್ಲದ ಪೊಟ್ಟಣಗಳಿಂದ ದೂರವಿರಿ. ಹೃದಯಕ್ಕೆ ಅಪಾಯಕಾರಿ ಎಂದು ಭಾರತದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮೈನ್ ಎಂಬ ರಾಸಾಯನಿಕ, ‘ಗಿಡಮೂಲಿಕೆ’ ಎಂದು ಮಾರುವ ಇಂತಹ ಉತ್ಪನ್ನಗಳಲ್ಲಿ ಹಲವು ದೇಶಗಳಲ್ಲಿ ಪತ್ತೆಯಾಗಿದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಕಾರಣವಿಲ್ಲದೆ ತೂಕ ಏರುತ್ತಿದ್ದು ಸುಸ್ತು, ಮಲಬದ್ಧತೆ, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪಿಸಿಓಡಿ ಇರುವ ಹೆಣ್ಣುಮಕ್ಕಳನ್ನು ತಜ್ಞರಿಗೆ ತೋರಿಸಿ. ಕಾಲು ಬಾತು ಉಸಿರು ಕಟ್ಟಿದರೆ ತಡ ಮಾಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ, ಉಪವಾಸ ಹಿಡಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ಇಲ್ಲದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ತಾವಾಗಿಯೇ ಪಥ್ಯ ಮಾಡಬಾರದು. ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ ಸಂತೋಷ ಪಡಬೇಡಿ. ಸಕ್ಕರೆ ಕಾಯಿಲೆ, ಕ್ಷಯ ಮುಂತಾದವು ಹಾಗೆ ಶುರುವಾಗುವುದುಂಟು.

ವಾರಕ್ಕೊಂದು ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಕೆಲವು ತಿಂಗಳ ನಂತರ ಮುಳ್ಳು ಅಲ್ಲಾಡದೆ ನಿಲ್ಲಬಹುದು. ಹಗುರವಾದ ದೇಹಕ್ಕೆ ಕಡಿಮೆ ಆಹಾರ ಸಾಕಾಗುವುದರಿಂದ ಹೀಗಾಗುತ್ತದೆ, ಧೈರ್ಯಗೆಡಬೇಡಿ. ತಟ್ಟೆಯ ಅನ್ನದಲ್ಲಿ ಒಂದೆರಡು ತುತ್ತು ಕಡಿಮೆ ಮಾಡಿ, ನಡಿಗೆಗೆ ಐದು ನಿಮಿಷ ಸೇರಿಸಿ. ಗುರಿ ಮುಟ್ಟಿದ ಮೇಲೂ ಬರೆಯುವುದನ್ನು ಬಿಡಬೇಡಿ. ಎರಡು ಕಿಲೋ ಏರಿದ್ದು ಕಂಡ ಕೂಡಲೇ ಚಹಾ, ರಾತ್ರಿಯೂಟ, ನಡಿಗೆ ಈ ಮೂರನ್ನು ಮತ್ತೊಮ್ಮೆ ಪರಿಶೀಲಿಸಿ.

ಎಲ್ಲವನ್ನೂ ನಾಳೆಯೇ ಆರಂಭಿಸಬೇಕಾಗಿಲ್ಲ. ಈ ವಾರ ಚಹಾ ಒಂದನ್ನೇ ತಿದ್ದಿಕೊಳ್ಳಿ. ಅದು ರೂಢಿಯಾದ ಮೇಲೆ ರಾತ್ರಿಯೂಟದ ಹೊತ್ತನ್ನು ಹಿಂದಕ್ಕೆ ತನ್ನಿ. ಅದಾದ ಮೇಲೆ ನಡಿಗೆ.