ಅಂಗಳದ ಮೇಲಿನ ತಂತಿ

ನೋಟಕ್ಕೆ ಅದು ಬಟ್ಟೆ ಒಣಹಾಕುವ ತಂತಿ. ಅದರ ಬೆಲೆ ತಿಳಿಯುವುದು ಆಪತ್ಕಾಲದಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಿಂದ ಕ್ಷೇಮವಾರ್ತೆಗಳನ್ನು ಕಡಲಾಚೆಗೆ ಮುಟ್ಟಿಸಿದವರು ಹವ್ಯಾಸಿ ರೇಡಿಯೋದವರು.

ಪರವಾನೆ ಪಡೆದವನಿಗೆ ಏರಿಯಲ್ ಕಟ್ಟಲು ಎರಡು ಮರಗಳು ಸಾಕು. ಅಳತೆಯಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. 40 ಮೀಟರ್ ಅಲೆಗೆ ಅದರರ್ಧ, ಸುಮಾರು 20 ಮೀಟರ್ ತಂತಿ. ನಟ್ಟನಡುವೆ ತುಂಡರಿಸಿ ಅಲ್ಲಿಂದ ಕೇಬಲ್ ಇಳಿಸಬೇಕು. ಮೊದಲು ತುಸು ಉದ್ದವಾಗಿಯೇ ಇರಲಿ. ಹೆಚ್ಚಾದುದನ್ನು ಕತ್ತರಿಸಬಹುದು, ಕಡಿಮೆಯಾದುದನ್ನು ಎಳೆದು ಬೆಳೆಸಲಾಗದು. ಮರ ಗಾಳಿಗೆ ತೂಗುವುದರಿಂದ ತುದಿಯ ಹಗ್ಗವನ್ನು ಬಿಗಿಯದೆ, ರಾಟೆಯ ಮೇಲೆ ಹಾಯಿಸಿ ಕಲ್ಲೊಂದನ್ನು ತೂಗಬಿಡುವುದು ಜಾಣತನ. (ಬಾವಿಕಟ್ಟೆಯ ವಿದ್ಯೆ ಇಲ್ಲಿಯೂ ಸಲ್ಲುತ್ತದೆ!)

ಬೀದಿಯ ವಿದ್ಯುತ್ ತಂತಿಯ ವಿಷಯದಲ್ಲಿ ನಾನು ನಿರ್ದಯಿ: ಏರಿಯಲ್ ಹರಿದುಬಿದ್ದರೂ ಅದನ್ನು ಮುಟ್ಟದಷ್ಟು ಅಂತರವಿರದ ಅಂಗಳದಲ್ಲಿ ಈ ಸಾಹಸವೇ ಬೇಡ. ಮುಂಗಾರಿನ ಗುಡುಗಿಗೆ ಮುನ್ನ ಕೇಬಲನ್ನೂ ಕಳಚಿಡಬೇಕು.