ಕಲ್ಪಿತ ಭಾಷೆಯ ಧ್ವನಿನಿಯಮಗಳೂ ಲೊಕ್ಕಿಗುಂಡಿಯ ಹೆಸರೂ

ಲ್ಯಾಟಿನ್ನಿನಿಂದ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್ ಮೊದಲಾದ ರೊಮಾನ್ಸ್ ಭಾಷೆಗಳು ಹುಟ್ಟಿದ ಬಗೆಯನ್ನು ಬಲ್ಲವರಲ್ಲಿ ಕೆಲವರು, ಯಾರೂ ಎಂದೂ ಆಡದ ಇನ್ನೊಂದು ರೊಮಾನ್ಸ್ ಭಾಷೆಯನ್ನು ಕಲ್ಪಿಸಿದ್ದುಂಟು. ನ್ಯೂಜಿಲೆಂಡಿನ ಆಂಡ್ರೂ ಸ್ಮಿತ್ 1996ರಲ್ಲಿ ತೊಡಗಿದ ಬ್ರಿಥೆನಿಗ್ ಅಂಥದು. ಬ್ರಿಟನ್ನಿನಲ್ಲಿ ಲ್ಯಾಟಿನ್ ಉಳಿದು, ವೆಲ್ಷ್ ಭಾಷೆ ಕಂಡಂಥ ಧ್ವನಿವ್ಯತ್ಯಾಸಗಳನ್ನೇ ಅದೂ ಕಂಡಿದ್ದರೆ ಏನಾಗುತ್ತಿತ್ತೆಂಬುದೇ ಅದರ ತಳಹದಿ. ಇದನ್ನು ಬರಿಯ ವಿನೋದವೆಂದು ತಳ್ಳಿಬಿಡುವುದು ನಮಗೆ ಸರಿತೋರದು. ಪದಗಳಿಂದ ನಿಯಮವನ್ನು ಅರಸುವುದು ಭಾಷಾಶಾಸ್ತ್ರದ ಕ್ರಮ. ನಿಯಮದಿಂದ ಪದವನ್ನು ಪಡೆಯುವುದು ಇವರ ಕ್ರಮ. ಇದರ ಬಲಾಬಲಗಳನ್ನು ಕನ್ನಡದಲ್ಲಿಯೇ ಪರೀಕ್ಷಿಸಬಹುದು.

ಪದಾದಿಯ ಪಕಾರ ಹಕಾರವಾಗುವುದೆಂಬ ನಿಯಮವನ್ನು ತೆಗೆದುಕೊಳ್ಳೋಣ. ಪಾಲ್ ಹಾಲಾಯಿತು, ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆ ಹುಲಿಗೆರೆಯಾಯಿತು. ತಪ್ಪು, ಕೆಂಪು ಎಂಬಲ್ಲಿ ದ್ವಿತ್ವ ಮತ್ತು ಅನುನಾಸಿಕಗಳ ಆಸರೆಯಿಂದ ಪಕಾರ ಉಳಿಯಿತು. ಪಾಪ, ಪುಣ್ಯಗಳೆಂಬ ಸಂಸ್ಕೃತ ಪದಗಳೂ ಹಾಗೆಯೇ ಉಳಿದವು. ಲ್ಯಾಟಿನ್ನಿನ 'ಫರೀನಾ' (ಹಿಟ್ಟು) ಸ್ಪ್ಯಾನಿಷಿನಲ್ಲಿ ಹಕಾರಾದಿಯಾದರೂ ವಿದ್ವಾಂಸರ ಪದವಾದ 'ಫೋರ್ಮಾ' ಮಾರ್ಪಡಲಿಲ್ಲ. ಸ್ಪ್ಯಾನಿಷಿನ ಆ ಹಕಾರ ಇಂದು ಬರಹದಲ್ಲಿದೆ, ಉಚ್ಚಾರದಲ್ಲಿಲ್ಲ. ಹಾಲನ್ನು 'ಆಲು' ಎನ್ನುವ ನಮ್ಮ ದಕ್ಷಿಣದ ಆಡುಮಾತುಗಳೂ ಅದೇ ದಾರಿ ಹಿಡಿದಿವೆ.

ಧ್ವನಿವ್ಯತ್ಯಾಸವು ವ್ಯಾಕರಣವನ್ನು ಮುಟ್ಟದೆ ಬಿಡದು. 'ಕೇಳು' ಎಂಬುದಕ್ಕೆ 'ಕೇಳಿ' ಎಂದಾದರೆ 'ಬೀಳು' ಎಂಬುದಕ್ಕೆ 'ಬಿದ್ದು' ಏಕೆ? ವಿದ್ಯಾರ್ಥಿಗಳು ಕೇಳಬೇಕಾದ, ಆದರೆ ಸಾಮಾನ್ಯವಾಗಿ ಕೇಳದಿರುವ ಪ್ರಶ್ನೆಯಿದು. ಹಳಗನ್ನಡದಲ್ಲಿ ಮೊದಲನೆಯದು 'ಕೇಳ್', ಎರಡನೆಯದು 'ಬೀೞ್'. ಈ ೞಕಾರವು ಸ್ವರದ ಮುಂದೆ ಳಕಾರದೊಡನೆ ಬೆರೆಯಿತು. ವ್ಯಂಜನದ ಮುಂದೆ ರೇಫವಾಗಿ, ಆ ರೇಫವೂ ಮುಂದಿನ ಅಕ್ಷರದಲ್ಲಿ ಲೀನವಾಯಿತು. ಬಿೞ್ದು, ಬಿರ್ದು, ಬಿದ್ದು ಎಂಬುದು ಕ್ರಮ. 'ಏಳು–ಎದ್ದು' ಎಂಬುದರ ಗುಟ್ಟೂ ಇದೇ. 13ನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದನು. ಕಿವಿಗೆ ಭೇದ ಸ್ಪಷ್ಟವಿದ್ದಲ್ಲಿ ಪಟ್ಟಿ ಏತಕ್ಕೆ ಬೇಕು? ಸ್ಪ್ಯಾನಿಷಿನ 'ದೊರ್ಮೀರ್' (ನಿದ್ರಿಸು) 'ದುಎರ್ಮೆ' ಆಗುತ್ತದೆ, 'ಕೊರ್ರೆರ್' (ಓಡು) 'ಕೊರ್ರೆ' ಆಗಿಯೇ ಉಳಿಯುತ್ತದೆ. ಇಂದು ಒಂದೇ ಆಗಿ ಕಾಣುವ ಆ ಒಕಾರಗಳು ಲ್ಯಾಟಿನ್ನಿನಲ್ಲಿ ಬೇರೆಬೇರೆ ಸ್ವರಗಳಾಗಿದ್ದವು. ಕಲ್ಪಿತ ಭಾಷೆಯ ಕರ್ತೃ ಇಂಥ ಕ್ರಮಭಂಗಗಳನ್ನು ತಾನಾಗಿ ಹೊಸೆಯಬೇಕಿಲ್ಲ. ನಿಯಮವನ್ನು ಕಡೆಯವರೆಗೆ ನಡೆಸಿದರೆ ಅವು ತಾವೇ ಒದಗುತ್ತವೆ.

ಆದರೆ 'ಬಾೞ್' ಎಂಬುದರಿಂದ 'ಬಾಳಿ' ಎಂದಾಯಿತಲ್ಲ! ಇಲ್ಲಿ ಗೆದ್ದುದು ನಿಯಮವಲ್ಲ, ಸಾದೃಶ್ಯ.

ಊರ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು. ಅತ್ತಿಮಬ್ಬೆ 1007ರ ವೇಳೆಗೆ ಬಸದಿ ಕಟ್ಟಿಸಿದ ಊರು ಶಾಸನಗಳಲ್ಲಿ ಲೊಕ್ಕಿಗುಂಡಿ, ಇಂದು ಲಕ್ಕುಂಡಿ. ಗಕಾರ ಲೋಪವಾಯಿತೆನ್ನೋಣವೆಂದರೆ ನೆರೆಯ ಮುಳಗುಂದದಲ್ಲಿ ಅದು ಸುಭದ್ರವಾಗಿದೆ. ಲೊಕ್ಕಿಗುಂಡಿಯಲ್ಲಿ ಕ್ಕಿ, ಗು ಎಂದು ಎರಡು ಕಂಠ್ಯಗಳು ಬೆನ್ನುಬೆನ್ನಿಗೆ ಬಂದುದೇ ಒಂದರ ಸವಕಳಿಗೆ ಕಾರಣವೆಂದು ನಮ್ಮ ಊಹೆ. ಒಕಾರದ ಮಾತು ಬೇರೆ. ಹೊಲ, ಹೊಗೆ, ಕೊಳ ಎಂಬಲ್ಲಿ ಅದು ಅಕಾರವಾಗಿಲ್ಲ. ನಿಯಮವನ್ನೇ ನಂಬಿದವನು 'ಲೊಕ್ಕುಂಡಿ' ಎಂದು ಬರೆದಾನು. ಹೆಸರಿನ ಪೂರ್ವಪದವು ಲಕ್ಕಿಗಿಡದ ಹೆಸರೇ ಎಂಬ ವಿವರಣೆಯನ್ನು ಒಪ್ಪಿದರೆ ದಾರಿ ಕಾಣುತ್ತದೆ. ಆ ಗಿಡಕ್ಕೆ ತಮಿಳಿನಲ್ಲಿ ನೊಚ್ಚಿಯೆಂದು ಹೆಸರು. ಅಲ್ಲಿ ಒಕಾರ ಇಂದಿಗೂ ಇದೆ. ಎಂದಮೇಲೆ ಒಕಾರವು ಅಕಾರವಾದುದು ಊರಿನ ಹೆಸರಿನಲ್ಲಿ ಮಾತ್ರವಲ್ಲ, ಗಿಡದ ಹೆಸರಿನಲ್ಲಿಯೂ ಆಗಿದೆ. ಜನರ ಬಾಯಲ್ಲಿ ಗಿಡವು ಲಕ್ಕಿಯಾದಾಗ ಊರೂ ಅದನ್ನು ಹಿಂಬಾಲಿಸಿತು.